ಫೈಲ್ ಖಾಲಿ ಬರಬೇಕು

ಕೇಳುಗರಿಗೆ ನಮಸ್ಕಾರ. ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಬೇರೆಯವರೂ ತಗೊಂಡು ಬಳಸುವ ಕೋಡ್, ಬರೆಯುವವರಿಗೆ ಇವತ್ತು ಒಂದೇ ಮಾತು ಹೇಳುತ್ತೇನೆ. ನಿಮ್ಮ ಲೈಬ್ರರಿಯನ್ನು ಇಂಪೋರ್ಟ್ ಮಾಡಿ. ಅದರಿಂದ ಏನನ್ನೂ ಬಳಸಬೇಡಿ. ಬಂಡಲ್ ಮಾಡಿ, ಅಂದರೆ ಬೇಕಾದ ಕೋಡನ್ನೆಲ್ಲ ಟೂಲ್ ಒಂದರಿಂದ ಒಂದೇ ಫೈಲಿಗೆ ಸೇರಿಸಿ. ಫೈಲ್ ಖಾಲಿ ಬರಬೇಕು.

ಹೀಗೆ ಸೇರಿಸುವ ಟೂಲೇ ಬಂಡ್ಲರ್; ಬಳಸದ ಕೋಡನ್ನು ಅದು ತೆಗೆದುಹಾಕುವುದಕ್ಕೆ ಟ್ರೀ ಶೇಕಿಂಗ್ ಅಂತಾರೆ. 2015ರಲ್ಲಿ ರಿಚ್ ಹ್ಯಾರಿಸ್ ರೋಲಪ್ ಅನ್ನುವ ಬಂಡ್ಲರ್ ತಂದ ಮೇಲೆ ಈ ಮಾತು ಎಲ್ಲರ ಬಾಯಿಗೂ ಬಂತು. ನಮ್ಮ ಲೈಬ್ರರಿಯಲ್ಲೂ ಇದೆ ಅಂತ ರೀಡ್‌ಮಿಯಲ್ಲಿ ಬರೆಯುವವರು ಜಾಸ್ತಿ. ಪರೀಕ್ಷೆ ಮಾಡಿದ್ದೀರಾ ಅಂದರೆ ಉತ್ತರವಿಲ್ಲ.

ಗೆಳೆಯರೊಬ್ಬರ ತಂಡ ದಿನಾಂಕ, ಮೊತ್ತ ತೋರಿಸುವ ಸಣ್ಣ ಲೈಬ್ರರಿ ಮಾಡಿತ್ತು. ರೂಪಾಯಿಗೆ ಕಾಮಾ ಹಾಕುವ ಫಂಕ್ಷನ್ ಒಂದನ್ನೇ ತಗೊಂಡರೂ ದಿನಾಂಕದ ಕೋಡೆಲ್ಲ ಜೊತೆಗೆ ಬರುತ್ತಿತ್ತು. ವೆಬ್‌ಪ್ಯಾಕ್ ಅನ್ನುವ ಬಂಡ್ಲರಿನ ಸೆಟ್ಟಿಂಗ್ ಬದಲಾಯಿಸಿ ಬದಲಾಯಿಸಿ ಅವರಿಗೆ ಸಾಕಾಗಿತ್ತು. ನಾನು ಸೆಟ್ಟಿಂಗ್ ಮುಟ್ಟಲೇ ಇಲ್ಲ. ಹೊಸ ಫೈಲಿನಲ್ಲಿ ಒಂದೇ ಸಾಲು ಬರೆಸಿದೆ: ಇಂಪೋರ್ಟ್, ಮುಂದೆ ಲೈಬ್ರರಿಯ ಹೆಸರು, ಅಷ್ಟೇ. ರೋಲಪ್‌ಗೆ ಕೊಟ್ಟೆವು. ಬಂದ ಫೈಲು ಖಾಲಿ ಇರಲಿಲ್ಲ. ಅದರಲ್ಲಿ ಜಾವಾಸ್ಕ್ರಿಪ್ಟಿನದೇ ಆದ ಡೇಟ್‌ಗೆ, ಅಂದರೆ ಡೇಟ್ ಡಾಟ್ ಪ್ರೊಟೊಟೈಪ್‌ಗೆ ಹೊಸ ಮೆಥಡ್ ಸೇರಿಸುವ ಸಾಲೊಂದಿತ್ತು. ಯಾವ ಫಂಕ್ಷನ್ನಿನ ಒಳಗೂ ಅಲ್ಲ, ಹೊರಗೇ ಕೂತಿತ್ತು. ಫೈಲ್ ಲೋಡ್ ಆದ ಕೂಡಲೇ ಅದು ಓಡುತ್ತದೆ, ಎಲ್ಲರೂ ಬಳಸುವ ಡೇಟನ್ನೇ ಬದಲಾಯಿಸುತ್ತದೆ. ಅಂಥದ್ದನ್ನು ಬಂಡ್ಲರ್ ಯಾವ ಧೈರ್ಯದ ಮೇಲೆ ತೆಗೆಯಬೇಕು ಹೇಳಿ? ಆ ಸಾಲು ಉಳಿದರೆ ಅದು ಕರೆಯುವ ಫಂಕ್ಷನ್ ಉಳಿಯಬೇಕು, ಆ ಫಂಕ್ಷನ್ ಕರೆಯುವ ಇನ್ನೊಂದೂ ಉಳಿಯಬೇಕು. ಗೆಳೆಯರು ಆ ಮೆಥಡನ್ನು ಮಾಮೂಲಿ ಫಂಕ್ಷನ್ ಮಾಡಿ ಎಕ್ಸ್‌ಪೋರ್ಟ್ ಮಾಡಿದರು. ಮತ್ತೆ ಬಂಡಲ್ ಮಾಡಿದೆವು. ಖಾಲಿ! ಒಂದಕ್ಷರವೂ ಇಲ್ಲ. ನನಗಂತೂ ಹಬ್ಬವಾದಷ್ಟು ಖುಷಿ.

ಈ ಪರೀಕ್ಷೆಗೆಂದೇ ಹ್ಯಾರಿಸ್ ಅವರ ಅಗಾಡೂ ಅನ್ನುವ ಟೂಲ್ ಇದೆ. ಲೈಬ್ರರಿಯ ಫೋಲ್ಡರ್‌ನಲ್ಲಿ ಎನ್‌ಪಿಎಕ್ಸ್ ಅಗಾಡೂ ಅಂತ ಟೈಪ್ ಮಾಡಿ, ಪಾಸೋ ಫೇಲೋ ಹೇಳುತ್ತದೆ. ಒಂದು ಕಮಾಂಡ್ ಕೊಡುವುದಕ್ಕೂ ಪುರುಸೊತ್ತಿಲ್ಲ ಅನ್ನಬೇಡಿ. ನಿಮ್ಮ ಬೇಡದ ಕೋಡನ್ನೆಲ್ಲ ಡೌನ್‌ಲೋಡ್ ಮಾಡುವವರು ಸಣ್ಣ ಫೋನು, ನಿಧಾನದ ನೆಟ್ ಇಟ್ಟುಕೊಂಡವರು.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕೋಡ್ ತರಿಸುವ ಹಳೆಯ ರೀತಿಯಾದ ರಿಕ್ವೈರ್ ಬಿಡಿ, ಇಂಪೋರ್ಟ್ ಎಕ್ಸ್‌ಪೋರ್ಟ್ ಬಳಸಿ. ಲೋಡ್ಯಾಶ್ ಲೈಬ್ರರಿ ಬಳಸುವವರು ಅದರ ಬದಲು ಇಂಪೋರ್ಟ್ ಎಕ್ಸ್‌ಪೋರ್ಟ್‌ನಲ್ಲಿರುವ ಅದರದೇ ರೂಪ ಲೋಡ್ಯಾಶ್-ಇಎಸ್ ತಗೊಳ್ಳಿ. ಲೈಬ್ರರಿಯ ವಿವರ ಇರುವ ಪ್ಯಾಕೇಜ್ ಡಾಟ್ ಜೇಸನ್ ಫೈಲಿನಲ್ಲಿ ಸೈಡ್‌ಎಫೆಕ್ಟ್ಸ್ ಫಾಲ್ಸ್, ಅಂದರೆ ಲೋಡ್ ಆದ ಮಾತ್ರಕ್ಕೆ ಹೊರಗೇನೂ ಬದಲಾಗುವುದಿಲ್ಲ, ಅಂತ ಬರೆಯಬಹುದು, ಆದರೆ ಖಾಲಿ ಫೈಲ್ ಬಂದ ಮೇಲೆ. ಮೊದಲೇ ಸುಮ್ನೆ ಬರೆದುಬಿಟ್ಟರೆ ವೆಬ್‌ಪ್ಯಾಕ್ ನಿಮ್ಮ ಮಾತು ನಂಬಿ ಬೇಕಾದ ಫೈಲನ್ನೂ ಬಿಟ್ಟುಬಿಡುತ್ತದೆ. ಆಮೇಲೆ ಪೇಜ್ ಯಾಕೆ ಕೆಟ್ಟಿತು ಅಂತ ಹುಡುಕುತ್ತಾ ಕೂರಬೇಕು. ನಮಸ್ಕಾರ.