ಬಟ್ಟಲಿಗೆ ಟವಲ್ ಹಾಕಿದ್ದು ಯಾರು? ನೀರಿನಲ್ಲಿ ತಾವೇ ಜೊತೆಗೂಡುವ ಅಣುಗಳ ಕಥೆ

[ದೃಶ್ಯ: ಮಲ್ಲೇಶ್ವರದ ಒಂದು ಮನೆಯ ಅಡುಗೆಮನೆ. ಕಟ್ಟೆಯ ಮೇಲೆ ಎರಡು ಗಾಜಿನ ಲೋಟ.]

ನಮಸ್ಕಾರ. ಎರಡೂ ಲೋಟದಲ್ಲಿ ಒಂದೇ ಅಳತೆಯ ನೀರಿದೆ. ಎರಡಕ್ಕೂ ಒಂದೊಂದು ಚಿಟಿಕೆ ಅರಿಶಿನ ಹಾಕುತ್ತೇನೆ. ಬಲಗಡೆಯದಕ್ಕೆ ಮಾತ್ರ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ. ಚೆನ್ನಾಗಿ ಕಲಕಿ, ಅರ್ಧ ಗಂಟೆ ಸುಮ್ನೆ ಬಿಡೋಣ.

[ದೃಶ್ಯ: ಅರ್ಧ ಗಂಟೆ ಕಳೆದಿದೆ. ಕ್ಯಾಮೆರಾ ಲೋಟಗಳ ಹತ್ತಿರ.]

ಎಡಗಡೆ ನೋಡಿ. ಪುಡಿ ತಳ ಸೇರಿದೆ, ಮೇಲಿನ ನೀರು ತೆಳು ಹಳದಿ ಅಷ್ಟೇ. ಈ ಲೋಟದಲ್ಲೇ ನೀರು ಗಾಢ ಹಳದಿಯಾದರೆ ಅರಿಶಿನಕ್ಕೆ ಬಣ್ಣ ಬೆರೆಸಿದ್ದಾರಾ ಅಂತ ಅನುಮಾನ ಪಡಬೇಕು, ಇದನ್ನೂ ನೆನಪಿಟ್ಟುಕೊಳ್ಳಿ. ಈಗ ಬಲಗಡೆ. ನೀರಿಗೇ ಬಣ್ಣ ಇಳಿದಿದೆ. ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ಅಣುವಿನದು. ಅದು ನೀರಿನಲ್ಲಿ ಕರಗುವುದಿಲ್ಲ ಅನ್ನುವಷ್ಟು ಕಡಿಮೆ ಕರಗುತ್ತದೆ. ಇಲ್ಲಿ ಅದಕ್ಕೆ ಯಾರೋ ಮನೆ ಕೊಟ್ಟಿದ್ದಾರೆ.

[ದೃಶ್ಯ: ಅನಿಮೇಷನ್. ಒಂದು ಉರುಟು ತಲೆ, ಒಂದು ಉದ್ದ ಬಾಲ.]

ಡಿಟರ್ಜೆಂಟ್ ಅಣುವಿನ ತಲೆಗೆ ನೀರು ಇಷ್ಟ, ಬಾಲ ಎಣ್ಣೆಯ ಜಾತಿ. ಇಂಥ ಅಣುವಿಗೆ ಆಂಫಿಫಿಲ್ ಎನ್ನುತ್ತಾರೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ರಸ್ತೆಗೆ ಹಾರಿ ಬರುತ್ತಿದ್ದ ನೊರೆ ನೆನಪಿದೆ ಅಲ್ವಾ? ಅದರಲ್ಲಿದ್ದದ್ದೂ ಇದೇ ಬಳಗ.

ಬಾಲಗಳು ಒಟ್ಟಿಗೆ ಸೇರುವುದಕ್ಕೆ ಕಾರಣ ನೀರು. ನೀರಿನ ಅಣುಗಳು ಸದಾ ಒಂದರ ಕೈ ಒಂದು ಹಿಡಿದಿರುತ್ತವೆ. ಎಣ್ಣೆಯ ಬಾಲಕ್ಕೆ ಹಿಡಿಯಲು ಕೈಯೇ ಇಲ್ಲ. ಹಾಗಾಗಿ ನೀರು ಬಾಲಗಳನ್ನೆಲ್ಲ ಒಂದು ಕಡೆ ಒತ್ತರಿಸಿ, ತನ್ನ ಪಾಡಿಗೆ ತಾನು ಕೈ ಹಿಡಿದುಕೊಳ್ಳುತ್ತದೆ. ಬಾಲಗಳು ಒಳಗೆ, ತಲೆಗಳು ಹೊರಗೆ, ಒಂದು ಉಂಡೆ. ಇದು ಮೈಸೆಲ್. ಕರ್ಕ್ಯುಮಿನ್‌ಗೆ ಸಿಕ್ಕ ಮನೆ ಇದೇ. ಅನೇಕ ಟೂತ್‌ಪೇಸ್ಟ್‌ಗಳಲ್ಲಿ ಇರುವ ಸೋಡಿಯಂ ಲಾರಿಲ್ ಸಲ್ಫೇಟ್ ತೆಗೆದುಕೊಳ್ಳಿ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 2.4 ಗ್ರಾಂ ದಾಟಿದ ಮೇಲೆ ಅದು ಉಂಡೆ ಕಟ್ಟತೊಡಗುತ್ತದೆ. ಒಂದು ಉಂಡೆಯಲ್ಲಿ ಸುಮಾರು 60 ಅಣು.

ಆದರೆ ಮೈಸೆಲ್ ಒಂದು ಛತ್ರ ಇದ್ದ ಹಾಗೆ. ಎಣ್ಣೆಯ ಗುಣ ಇರುವ ಯಾರು ಬಂದರೂ ಜಾಗ ಉಂಟು. ನಮಗೆ ಬೇಕಾದ ಒಂದೇ ಅಣುವನ್ನು ಆರಿಸಿ ಹಿಡಿಯಬೇಕಾದರೆ ಅಳತೆಗೆ ಮಾಡಿದ ಬಟ್ಟಲು ಬೇಕು. ಅದೇ ರಿಸೆಪ್ಟರ್, ಬಟ್ಟಲಿನ ಆಕಾರದ ಒಂದು ಅಣು. ಅದು ಹಿಡಿಯುವ ಅಣುವೇ ಅತಿಥಿ. ಬಟ್ಟಲಿನ ಒಳಮೈ ಎಣ್ಣೆಯ ಗುಣದ್ದು, ಅಂಚಿನಲ್ಲಿ ನೀರಿಗೆ ಒಗ್ಗುವ ತಲೆಗಳು. ಖಾಲಿ ಬಟ್ಟಲಿನೊಳಗೆ ಸಿಕ್ಕಿಕೊಂಡ ನೀರಿನ ಅಣುಗಳಿಗೆ ಸರಿಯಾಗಿ ಕೈ ಹಿಡಿಯಲು ಆಗುವುದಿಲ್ಲ. ಅತಿಥಿ ಅಣು ಒಳಗೆ ಬಂದರೆ ಅವಕ್ಕೆ ಬಿಡುಗಡೆ. ಆಪರೇಷನ್ ಥಿಯೇಟರ್‌ನಲ್ಲಿ ಬಳಸುವ ಸುಗಮಾಡೆಕ್ಸ್ ಇಂಥದ್ದೇ ಒಂದು ಔಷಧಿ. ಎಂಟು ಸಕ್ಕರೆಯ ಬಳೆಗೆ ಎಂಟು ತೋಳು. ಸ್ನಾಯು ಸಡಿಲಿಸಲು ಕೊಟ್ಟ ರೊಕ್ಯುರೋನಿಯಂ ಅನ್ನು ಅದು ರಕ್ತದಲ್ಲೇ ನುಂಗಿಬಿಡುತ್ತದೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದು ಇದರ ಮುಂದಿನ ತೊಡಕಿನಿಂದ. ಬಟ್ಟಲೂ ಆಂಫಿಫಿಲ್ ತಾನೇ? ಅತಿಥಿಯನ್ನು ಒಳಗೆ ತಳ್ಳುವ ನೀರು, ಬಟ್ಟಲುಗಳನ್ನೂ ಒಂದಕ್ಕೊಂದು ಒತ್ತುತ್ತದೆ. ಬಟ್ಟಲಿಗೆ ಉದ್ದ ಬಾಲ ಇದ್ದರಂತೂ ಪಕ್ಕದ ಅಣುವಿನ ಬಾಲವೇ ಬಂದು ಒಳಗೆ ಕೂರಬಹುದು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಸೀಟಿಗೆ ಆಗಲೇ ಟವಲ್ ಬಿದ್ದಿರುತ್ತದಲ್ಲ, ಹಾಗೆ. ಅತಿಥಿ ಆ ಟವಲ್ ಎತ್ತಿಸಿಯೇ ಕೂರಬೇಕು. ಅದಕ್ಕೆ ಬೆಲೆ ತೆರಬೇಕು, ಹಿಡಿತ ಕಡಿಮೆಯಾಗುತ್ತದೆ.

ಇದೇ ತೊಡಕನ್ನು ಕೆಲವರು ಉಪಾಯವಾಗಿ ತಿರುಗಿಸಿಕೊಂಡರು.

[ದೃಶ್ಯ: ಕೈಯಲ್ಲಿ ಎರಡು ಕೊಬ್ಬರಿ ಬಟ್ಟಲು, ನಡುವೆ ಒಂದು ನೆಲ್ಲಿಕಾಯಿ.]

ಅಮೆರಿಕದ ಬ್ರೂಸ್ ಗಿಬ್ ತಂಡ ಆಕ್ಟಾ ಆಸಿಡ್ ಎಂಬ ಬಟ್ಟಲು ಮಾಡಿತು. ಹೊರಗೆ ಎಂಟು ಆಮ್ಲದ ಗುಂಪು, ಒಳಗೆ ಆಳವಾದ ಗುಳಿ. 2004ರಲ್ಲಿ ಅವರು ತೋರಿಸಿದ್ದು ಹೀಗೆ: ಅಳತೆಗೆ ಒಗ್ಗುವ ಅತಿಥಿ ಬಂದರೆ ಎರಡು ಬಟ್ಟಲು ಬಾಯಿಗೆ ಬಾಯಿ ಕೂಡಿ ಮುಚ್ಚಿಕೊಳ್ಳುತ್ತವೆ. ಒಳಗೆ ಅತಿಥಿ, ನೀರಿಗೆ ಪ್ರವೇಶ ಇಲ್ಲ. ಇಲ್ಲಿ ಜೋಡಿ ಮಾಡಿಸಿದ್ದು ಅತಿಥಿ. ಮುಂದೆ ಇದೇ ಬಟ್ಟಲಿಗೆ ಪ್ರೊಪೇನ್, ಬ್ಯುಟೇನ್ ಎರಡನ್ನೂ ಕೊಟ್ಟು ನೋಡಿದರು. ಅದು ಬ್ಯುಟೇನನ್ನು ಆರಿಸಿಕೊಂಡಿತು. ನಮ್ಮ ಮನೆಯ ಸಿಲಿಂಡರ್‌ನಲ್ಲಿ ಬೆರೆತೇ ಬರುವ ಗ್ಯಾಸ್‌ಗಳು ಇವು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಕಾರ್ಬನ್!

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಫ್ರೇಸರ್ ಹಾಫ್ ತಂಡ ತದ್ವಿರುದ್ಧ ದಾರಿ ಹಿಡಿಯಿತು. ಅವರು ಬಟ್ಟಲಿಗೆ ಹೊಳೆಯುವ ಬಣ್ಣದ ತೋಳು ಜೋಡಿಸಿದರು. ನೀರಿನಲ್ಲಿ ಎರಡು ಬಟ್ಟಲು ಒಂದರ ತೋಳನ್ನು ಒಂದು ಹಿಡಿದುಕೊಳ್ಳುತ್ತವೆ. ಹಿಡಿದಿರುವಾಗ ಹೊಳಪು ಆರಿರುತ್ತದೆ. ತಕ್ಕ ಅತಿಥಿ ಬಂದರೆ ಜೋಡಿ ಬಿಡುತ್ತದೆ, ಬೆಳಕು ಹೊತ್ತುತ್ತದೆ. ಹೆಸರು ಡೈಮರ್ ಡೈ, ಅಂದರೆ ಜೋಡಿಯಾಗುವ ಬಣ್ಣ. ಎಂಜಲಿನಂಥ, ಉಪ್ಪು ಪ್ರೋಟೀನು ತುಂಬಿದ ದ್ರವದಲ್ಲೂ ಇದು ಕೆಲಸ ಮಾಡುತ್ತದೆ. ಇಲ್ಲಿ ಟವಲ್ ಎತ್ತಿದ್ದೇ ಸುದ್ದಿ.

[ದೃಶ್ಯ: ಮತ್ತೆ ಅಡುಗೆಮನೆ, ಬಲಗಡೆಯ ಲೋಟ.]

ಈ ವಿಡಿಯೋ ನೋಡುತ್ತಿರುವ ಎಂಎಸ್ಸಿ ಹುಡುಗ ಹುಡುಗಿಯರಿಗೆ ಒಂದು ಮಾತು. ಅತಿಥಿ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಎನ್‌ಎಂಆರ್‌ನಲ್ಲಿ (ಅಣುಗಳ ಸುಳಿವನ್ನು ಪೀಕ್, ಅಂದರೆ ಗೆರೆಯ ಶಿಖರಗಳಾಗಿ ತೋರಿಸುವ ಯಂತ್ರ) ಅಳೆಯುವ ಮೊದಲು ಬರೀ ಬಟ್ಟಲಿನ ದ್ರಾವಣ ಮಾಡಿ. ಅತಿಥಿ ಬೇಡ. ಅದನ್ನು ಅರ್ಧಕ್ಕರ್ಧ ನೀರು ಬೆರೆಸುತ್ತಾ ತೆಳು ಮಾಡಿ, ಪ್ರತಿ ಸಲ ಪೀಕ್ ಎಲ್ಲಿದೆ ಬರೆದಿಡಿ. ಪೀಕ್ ಕದಲಿದರೆ ಬಟ್ಟಲುಗಳು ತಮ್ಮತಮ್ಮಲ್ಲೇ ಸೇರಿಕೊಂಡಿರಬಹುದು. ಆ ಸೇರುವಿಕೆಯನ್ನೂ ಲೆಕ್ಕಕ್ಕೆ ಹಿಡಿಯದೆ ಒಂದು ಬಟ್ಟಲಿಗೆ ಒಂದು ಅತಿಥಿ ಎಂಬ ಸೂತ್ರ ಹಾಕಿದರೆ ಬರುವ ಸಂಖ್ಯೆ ತಪ್ಪು. ನಾನು ಇದನ್ನು ಮಾಡದೆ ಎರಡು ವಾರ ಅಳೆದೆ. ಪ್ರತಿ ದ್ರಾವಣಕ್ಕೂ ಬೇರೆ ಬೇರೆ ಉತ್ತರ ಬರುತ್ತಿತ್ತು, ಸ್ಯಾಂಪಲ್ ಕೆಟ್ಟಿದೆ ಅಂದುಕೊಂಡಿದ್ದೆ. ಸ್ಯಾಂಪಲ್ ಸರಿಯಾಗಿಯೇ ಇತ್ತು. ಬಟ್ಟಲುಗಳು ಒಂದನ್ನೊಂದು ಹಿಡಿದುಕೊಂಡು ಕೂತಿದ್ದವು.