ಮುಗಿಯದೆ ಉಳಿದದ್ದರ ಭಾರ

ಈಗ ನಿಮಗೆ ಕಾಣುತ್ತಿರುವುದು ನನ್ನ ಹಾಸಿಗೆಯ ಪಕ್ಕದಲ್ಲಿರುವ ಒಂದು ಸಾಧಾರಣ ನೋಟ್‌ಬುಕ್. ಕೆಲವು ತಿಂಗಳುಗಳಿಂದ ಪ್ರತಿ ರಾತ್ರಿ ದೀಪ ಆರಿಸುವ ಮುನ್ನ ಐದು ನಿಮಿಷ ಇದನ್ನು ಹಿಡಿದು ಕೂರುತ್ತಿದ್ದೇನೆ. ಅದಕ್ಕೂ ಮೊದಲು ನನ್ನ ರಾತ್ರಿಗಳು ಬೇರೆಯೇ ರೀತಿ ಕಳೆಯುತ್ತಿದ್ದವು. ದೇಹ ದಣಿದು ಮಲಗಿದರೂ ಮನಸ್ಸು ಮಾತ್ರ ಕಟ್ಟದ ಬಿಲ್ಲಿನಿಂದ ಉತ್ತರಿಸದ ಸಂದೇಶಕ್ಕೆ, ಅಲ್ಲಿಂದ ಎಂದೋ ದುಡುಕಿ ಆಡಿದ ಮಾತಿಗೆ ಅಲೆಯುತ್ತಾ, ನಡುರಾತ್ರಿಯವರೆಗೂ ಎಚ್ಚರವಾಗಿಯೇ ಇರುತ್ತಿತ್ತು.

ಇದು ನನ್ನ ದೌರ್ಬಲ್ಯವೆಂದೇ ಬಹಳ ಕಾಲ ನಂಬಿದ್ದೆ. ಬರ್ಲಿನ್‌ನಲ್ಲಿದ್ದ ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಆಕೆ ಜನರಿಗೆ ಸಣ್ಣಪುಟ್ಟ ಕೆಲಸಗಳನ್ನು ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟು, ಕೆಲವನ್ನು ಅರ್ಧಕ್ಕೇ ತಡೆದರು. ಆಮೇಲೆ ವಿಚಾರಿಸಿದಾಗ ಅರ್ಧಕ್ಕೆ ನಿಂತ ಕೆಲಸಗಳೇ ಹೆಚ್ಚಾಗಿ ನೆನಪಿನಲ್ಲಿ ಉಳಿದಿದ್ದವು. ಮುಂದೆ ಇತರರು ನಡೆಸಿದ ಪ್ರಯೋಗಗಳಲ್ಲಿ ಪ್ರತಿ ಸಲವೂ ಇದೇ ಫಲ ಬರಲಿಲ್ಲವೆಂಬುದು ನಿಜ. ಆದರೂ ಕೈಬಿಟ್ಟ ಕೆಲಸ ಒಳಗೊಳಗೇ ಕುಟುಕುತ್ತಿರುತ್ತದೆ ಎಂಬುದು ನನ್ನ ಅನುಭವಕ್ಕೆ ಬಂದ ಮಾತು.

ಹಾಗೆಂದು ಎಲ್ಲವನ್ನೂ ಮುಗಿಸಿಯೇ ಮಲಗಬೇಕೆಂದೇನಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿದ್ರೆಯ ಸಂಶೋಧಕ ಮೈಕಲ್ ಸ್ಕಲಿನ್ ಮತ್ತು ಸಂಗಡಿಗರು 57 ಮಂದಿ ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ, ಅದಕ್ಕೆ ಮೊದಲು ಐದು ನಿಮಿಷ ಬರೆಯಲು ಹೇಳಿದರು. ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಸರಾಸರಿ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಆ ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಇನ್ನೂ ಬೇಗ ಬಂತು. ಆದ್ದರಿಂದ ನಾನು ‘ಬ್ಯಾಂಕಿನ ಕೆಲಸ’ ಎಂದು ಬರೆದು ಸುಮ್ಮನಾಗುವುದಿಲ್ಲ. ಯಾವ ಕಾಗದ, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಯುತ್ತೇನೆ.

ಆದರೆ ಈ ಪುಟವನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘ಅವಳಿಗೆ ಫೋನ್ ಮಾಡಬೇಕು’ ಎಂಬ ಸಾಲು ಇಲ್ಲಿದೆ, ಹಿಂದಿನ ಪುಟದಲ್ಲಿದೆ, ಅದರ ಹಿಂದಿನ ಪುಟದಲ್ಲೂ ಇದೆ. ಹನ್ನೊಂದು ರಾತ್ರಿ ಬರೆದಿದ್ದೆ, ಹನ್ನೊಂದು ದಿನವೂ ಮಾಡಿರಲಿಲ್ಲ. ಹನ್ನೆರಡನೆಯ ರಾತ್ರಿ ಪೆನ್ನು ಹಿಡಿದು, ನನ್ನನ್ನು ತಡೆಯುತ್ತಿರುವುದು ಏನೆಂದು ಕೇಳಿಕೊಂಡಾಗ ಕೈ ತಾನಾಗಿ ಬರೆಯಿತು: ‘ಅವಳ ಕಷ್ಟಕಾಲದಲ್ಲಿ ನಾನು ಹೋಗಲಿಲ್ಲ. ನನಗೆ ನಾಚಿಕೆಯಾಗಿದೆ.’ ಕೆಲಸವೆಂದು ನಾನು ಬರೆದಿಟ್ಟಿದ್ದು ನಿಜವಾಗಿ ಒಂದು ನೋವಾಗಿತ್ತು. ನೋವಿಗೆ ದಿನಾಂಕ ಹಾಕಿದರೆ ಅದು ಕರಗುವುದಿಲ್ಲ. ಮೊದಲು ಅದರ ಹೆಸರು ಹಿಡಿದು ಕರೆಯಬೇಕು.

ಅದನ್ನು ಒಳಗೇ ಅದುಮಿಟ್ಟುಕೊಳ್ಳುವುದೂ ಪರಿಹಾರವಲ್ಲ. 1987ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಹೋದ್ಯೋಗಿಗಳು ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಕೆಲವರಿಗೆ ಹೇಳಿದಾಗ, ಆ ಕರಡಿ ಅವರ ಮನಸ್ಸಿಗೆ ಮತ್ತೆ ಮತ್ತೆ ಬಂತು. ನನ್ನ ನಾಚಿಕೆಯೂ ಹನ್ನೊಂದು ದಿನ ಹಾಗೆಯೇ ಬಂದು ಹೋಗುತ್ತಿತ್ತು. ತೀರಾ ಆಳವಾದ ಗಾಯಗಳಿದ್ದರೆ ಒಬ್ಬರೇ ಪುಸ್ತಕದ ಮುಂದೆ ಕೂರದೆ, ಆಪ್ತ ಸಮಾಲೋಚಕರ ಜೊತೆ ಮಾತನಾಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಮರುದಿನ ಅವಳಿಗೆ ಫೋನ್ ಮಾಡಿ, ಬರೆದದ್ದನ್ನೇ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ತನಗೆ ಬೇಸರವಾಗಿದ್ದು ನಿಜ, ಅದನ್ನು ಇವತ್ತೇ ಮರೆಯಲು ಆಗದು ಎಂದಳು. ಇನ್ನೊಮ್ಮೆ ಸಮಾಧಾನದಿಂದ ಮಾತನಾಡೋಣ ಎಂದೂ ಅವಳೇ ಸೇರಿಸಿದಳು. ಈ ಪುಟದ ಕೊನೆಯ ಸಾಲಿನಲ್ಲಿ ಅದನ್ನು ಬರೆದಿದ್ದೇನೆ: ಭಾನುವಾರ, ಬೆಳಿಗ್ಗೆ 10 ಗಂಟೆ.