ಪೆಲೆಯ ಒಲೆ, ಊರಿನ ದೀಪ

ಕೇಳುಗರಿಗೆ ನಮಸ್ಕಾರ.

1881ರಲ್ಲಿ ಹವಾಯಿಯ ರಾಜ ಕಲಾಕೌವಾ ನ್ಯೂಯಾರ್ಕಿಗೆ ಹೋಗಿ ಥಾಮಸ್ ಎಡಿಸನ್‌ನನ್ನು ಕಂಡ. ವಿದ್ಯುತ್ ದೀಪ ಆಗಿನ್ನೂ ಹೊಸದು. ನಮ್ಮ ದ್ವೀಪದ ಜ್ವಾಲಾಮುಖಿಯಿಂದಲೇ ವಿದ್ಯುತ್ ತೆಗೆಯಬಹುದಲ್ಲ ಎಂಬ ಮಾತು ಅವತ್ತೇ ಬಂತಂತೆ. ಆ ಮಾತು ಇವತ್ತಿಗೂ ಮುಗಿದಿಲ್ಲ. ಈಗ ಅದು ಜಗಳವಾಗಿದೆ, ಅಷ್ಟೇ.

ನಾನು ಹೇಳುತ್ತಿರುವುದು ಹವಾಯಿಯ ಅತಿ ದೊಡ್ಡ ದ್ವೀಪದ ಕಥೆ. ಕಿಲವೇಯಾ, ಮೌನಾ ಲೋವಾ ಎಂಬ ಜ್ವಾಲಾಮುಖಿಗಳು ಇರುವುದು ಅಲ್ಲೇ. ನೆಲದಡಿ ಅಷ್ಟೊಂದು ಬೆಂಕಿ. ಆದರೂ ದೀಪ ಹಚ್ಚಲು, ಅಂದರೆ ವಿದ್ಯುತ್ ಮಾಡಲು, ಹಡಗಿನಲ್ಲಿ ಖನಿಜ ಎಣ್ಣೆ ಬರಬೇಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತಾರಲ್ಲ, ಹಾಗೆ. ಇಡೀ ಅಮೆರಿಕದಲ್ಲಿ ವಿದ್ಯುತ್ ಅತ್ಯಂತ ದುಬಾರಿ ಇರುವುದು ಹವಾಯಿಯಲ್ಲೇ.

ದ್ವೀಪದ ಪೂರ್ವ ಭಾಗಕ್ಕೆ ಪುನಾ ಅಂತ ಹೆಸರು. ಅಲ್ಲಿ 1976ರಲ್ಲಿ ಸುಮಾರು ಎರಡು ಕಿಲೋಮೀಟರ್ ಆಳದ ಒಂದು ಬಾವಿ ಕೊರೆದರು. ತಳದಲ್ಲಿ ಸಿಕ್ಕ ಬಿಸಿ 358 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಮೂರು ಮೆಗಾವ್ಯಾಟ್‌ನ ಒಂದು ಪುಟ್ಟ ಸ್ಥಾವರ ಕಟ್ಟಿದರು. 1989ರಲ್ಲಿ ಅದು ಮುಚ್ಚಿತು. ಅದು ಬಿಟ್ಟುಹೋದದ್ದು ಎರಡು: ಇಲ್ಲಿ ಬಿಸಿ ಇದೆ ಎಂಬ ನಂಬಿಕೆ, ಮತ್ತು ಕೊಳೆತ ಮೊಟ್ಟೆಯ ವಾಸನೆಯ ನೆನಪು. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಜಾಸ್ತಿಯಾದರೆ ಅದು ವಿಷ.

ಈಗಿರುವ ಸ್ಥಾವರ ಅದರ ನಂತರದ್ದು. ಕೆಲಸ ಮಾಡುವ ರೀತಿ ಸರಳ. ಆಳದಿಂದ ಹಬೆ, ಕುದಿನೀರು ಮೇಲೆ ಬರುತ್ತವೆ. ಹಬೆ ಟರ್ಬೈನ್ ತಿರುಗಿಸುತ್ತದೆ. ಉಳಿದ ಬಿಸಿ ಪೆಂಟೇನ್ ಎಂಬ ದ್ರವವನ್ನು ಕುದಿಸುತ್ತದೆ. ಪೆಂಟೇನ್ ಕುದಿಯಲು 36 ಡಿಗ್ರಿ ಸಾಕು. ಅದರ ಆವಿ ಇನ್ನೊಂದು ಟರ್ಬೈನ್ ತಿರುಗಿಸುತ್ತದೆ. ತಣಿದ ನೀರನ್ನು ಮತ್ತೆ ನೆಲದೊಳಕ್ಕೇ ಕಳಿಸುತ್ತಾರೆ. ಹಗಲು, ರಾತ್ರಿ, ಮಳೆ ಯಾವುದರ ಗೊಡವೆಯೂ ಇದಕ್ಕಿಲ್ಲ.

ಕಾಗದದ ಮೇಲೆ ಎಲ್ಲ ಚೆಂದ. ಆದರೆ 1991ರ ಜೂನ್‌ನಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಹತೋಟಿ ತಪ್ಪಿತು. ಸುಮಾರು 31 ಗಂಟೆ ಹಬೆ ಮತ್ತು ಅನಿಲ ಬುಸುಗುಟ್ಟುತ್ತಾ ಹೊರಬಂದವು. ಅಕ್ಕಪಕ್ಕದವರು ಮನೆ ಬಿಟ್ಟು ಹೋಗಬೇಕಾಯಿತು. ಎರಡು ವರ್ಷದ ನಂತರ ಸ್ಥಾವರ ವಿದ್ಯುತ್ ಮಾರಲು ಶುರುಮಾಡಿತು. ನಂಬಿಕೆ ಮಾತ್ರ ಆ 31 ಗಂಟೆಯಲ್ಲೇ ಹೋಗಿತ್ತು.

ಇನ್ನೊಂದು ವಿರೋಧ ಬೇರೆ ಬಗೆಯದು. ಹವಾಯಿಯ ಮೂಲ ಜನರಿಗೆ ಕಿಲವೇಯಾ ಬರೀ ಬೆಟ್ಟವಲ್ಲ. ಅದು ಪೆಲೆ ದೇವಿ. ನೆಲ ಕೊರೆಯುವುದೆಂದರೆ ಅವಳ ಮೈಗೆ ಗಾಯ ಮಾಡಿದ ಹಾಗೆ. 1980ರ ದಶಕದಲ್ಲಿ 500 ಮೆಗಾವ್ಯಾಟ್ ತೆಗೆದು ಸಮುದ್ರದಡಿ ಕೇಬಲ್ ಹಾಕಿ ಒವಾಹು ದ್ವೀಪಕ್ಕೆ ಕಳಿಸುವ ಯೋಜನೆ ಇತ್ತು. ಜನ ಜಾಸ್ತಿ ಇರುವುದು ಅಲ್ಲಿ, ಹೊನೊಲುಲುವಿನಲ್ಲಿ. ಅದಕ್ಕಾಗಿ ವಾವೊ ಕೆಲೆ ಒ ಪುನಾ ಎಂಬ ಮಳೆಕಾಡಿನೊಳಗೆ ಕೊರೆಯುವ ಯಂತ್ರ ಹೋಯಿತು. ಜನ ಬೀದಿಗಿಳಿದರು, ಬಂಧನಕ್ಕೊಳಗಾದರು. ಕೊನೆಗೆ ಯೋಜನೆ ಬಿದ್ದುಹೋಯಿತು. 2006ರಲ್ಲಿ ಆ ಕಾಡು ಹವಾಯಿ ಮೂಲನಿವಾಸಿಗಳ ವ್ಯವಹಾರ ನೋಡುವ ಸರಕಾರಿ ಸಂಸ್ಥೆಯ ಕೈಗೆ ಬಂತು. ನಂಬಿಕೆಯ ಮಾತೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಾಡು ಒಬ್ಬರದು, ದೀಪ ಇನ್ನೊಬ್ಬರದು ಎಂದಾಗ ಯಾರಾದರೂ ಕೇಳುತ್ತಾರೆ, ಅಲ್ವಾ?

ಸರಿ, ಬೇರೆ ದಾರಿ ಏನಿದೆ? ಅಣುವಿದ್ಯುತ್ ಅಂದರೆ ಶಾಸನಸಭೆಯ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು ಅಂತ ಅಲ್ಲಿನ ಸಂವಿಧಾನವೇ ಹೇಳುತ್ತದೆ. ಅದು ಅಲ್ಲಿಗೆ ಮುಗಿಯಿತು. ದ್ವೀಪದ ಪೂರ್ವ ತೀರದ ಹೀಲೋ ಕಡೆ ಮಳೆ ಧಾರಾಳ, ಹೊಳೆಗಳಿಂದ ಒಂದಿಷ್ಟು ವಿದ್ಯುತ್ ಸಿಗುತ್ತದೆ. ತೆಂಕಣ ತುದಿಯಲ್ಲಿ ಗಾಳಿ ಯಂತ್ರಗಳಿವೆ. ವಾಣಿಜ್ಯ ಮಾರುತ ಬೀಸಿದಾಗ ಚೆನ್ನಾಗಿ ತಿರುಗುತ್ತವೆ, ಚಳಿಗಾಲದಲ್ಲಿ ಅದು ತಣ್ಣಗಾದರೆ ಸುಮ್ನೆ ನಿಲ್ಲುತ್ತವೆ. ಮರ ಸುಟ್ಟು ವಿದ್ಯುತ್ ಮಾಡುವ ಸ್ಥಾವರವೊಂದನ್ನು ಬಹುಮಟ್ಟಿಗೆ ಕಟ್ಟಿ ಮುಗಿಸಿದ್ದರು. ಹಳೆಯ ಕಬ್ಬಿನ ನೆಲದಲ್ಲಿ ಬೆಳೆದ ನೀಲಗಿರಿಯೇ ಅದಕ್ಕೆ ಉರುವಲು. ಬೆಲೆ ಜಾಸ್ತಿ, ಹೊಗೆಯ ಲೆಕ್ಕವೂ ಸರಿಹೋಗಲಿಲ್ಲ. ನಿಯಂತ್ರಣ ಆಯೋಗ ಬೇಡ ಅಂದಿತು. 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಒಲೆ ಕಟ್ಟಿದರು, ಹೊತ್ತಿಸಲಿಲ್ಲ.

ಉಳಿಯುವುದು ಬಿಸಿಲು. ಅದೇ ವರ್ಷ ವೈಕೊಲೋವಾದಲ್ಲಿ 30 ಮೆಗಾವ್ಯಾಟ್‌ನ ಸೌರ ಸ್ಥಾವರ ಶುರುವಾಯಿತು. ಜೊತೆಗೆ 120 ಮೆಗಾವ್ಯಾಟ್ ಗಂಟೆಯ ಬ್ಯಾಟರಿ. ಭಾಗಿಸಿ ನೋಡಿ, ನಾಲ್ಕು ಗಂಟೆ. ಸಂಜೆ ಎಲ್ಲರ ಮನೆಯಲ್ಲೂ ಒಲೆ, ದೀಪ ಹೊತ್ತುವ ಹೊತ್ತಿಗೆ ಇದು ಸಾಕು. ಬೆಳಗಿನ ಜಾವಕ್ಕೆ? ಸತತ ಮೂರು ದಿನ ಮೋಡ ಕವಿದರೆ? 2045ರೊಳಗೆ ಎಲ್ಲ ವಿದ್ಯುತ್ತೂ ನವೀಕರಿಸುವ ಮೂಲಗಳಿಂದಲೇ ಬರಬೇಕು ಅಂತ ಹವಾಯಿ 2015ರಲ್ಲೇ ಕಾನೂನು ಮಾಡಿದೆ. ಹಾಗಾಗಿ ಆ ಬೆಳಗಿನ ಜಾವದ ಪ್ರಶ್ನೆ ಬಂದಾಗಲೆಲ್ಲ ಮಾತು ಮತ್ತೆ ಪುನಾ ಬಾವಿಗೇ ಬಂದು ನಿಲ್ಲುತ್ತದೆ.

ಆ ಬಾವಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2018ರ ಮೇ 3ರಂದು ಪಕ್ಕದ ಲೇಲಾನಿ ಬಡಾವಣೆಯಲ್ಲೇ ನೆಲ ಬಿರಿಯಿತು. ಸ್ಥಾವರ ನಿಲ್ಲಿಸಿದರು. ಬೆಂಕಿ ಹೊತ್ತಿಕೊಳ್ಳುವ ಪೆಂಟೇನನ್ನು, ಹತ್ತಾರು ಸಾವಿರ ಗ್ಯಾಲನ್, ಅವಸರದಲ್ಲಿ ಸಾಗಿಸಿದರು. ಲಾವಾ ಕೆಲವು ಬಾವಿಗಳ ಮೇಲೆ ಹರಿಯಿತು, ದಾರಿ ಮುಚ್ಚಿತು. ಸುತ್ತಲಿನ 700ಕ್ಕೂ ಹೆಚ್ಚು ಮನೆಗಳು ಹೋದವು. ಸ್ಥಾವರ ಮತ್ತೆ ಶುರುವಾದದ್ದು 2020ರ ಕೊನೆಗೆ. ಅಲ್ಲಿವರೆಗೆ ಆ ಕೊರತೆ ತುಂಬಿದ್ದು ಬಹುಪಾಲು ಎಣ್ಣೆಯೇ. ನೆಲದಡಿಯ ಬಿಸಿಯನ್ನು ಧಾರಾಳವಾಗಿ ಬಳಸುವ ಐಸ್‌ಲ್ಯಾಂಡ್ ನೋಡಿ ಕಲಿಯಿರಿ ಎನ್ನುವವರಿಗೆ ಒಂದು ಮಾತು: 2024ರ ಫೆಬ್ರವರಿಯಲ್ಲಿ ಅಲ್ಲೂ ಲಾವಾ ಸ್ವಾರ್ಟ್ಸೆಂಗಿ ಸ್ಥಾವರದ ಬಿಸಿನೀರಿನ ಕೊಳವೆಯನ್ನು ಸುಟ್ಟಿತು. ಕೊರೆಯುವ ಚಳಿಯಲ್ಲಿ ಊರುಗಳು ಬಿಸಿನೀರಿಲ್ಲದೆ ಕೂತವು.

ಲಾವಾ ಯಾರ ಮಾತನ್ನೂ ಕೇಳುವುದಿಲ್ಲ, ಬಿಡಿ. ನನ್ನನ್ನು ಕಾಡುವುದು ಮನುಷ್ಯರು ಬರೆದ ಒಂದು ಕಾಗದ. ಪುನಾ ಸ್ಥಾವರದ ಹಳೆಯ ಒಪ್ಪಂದದಲ್ಲಿ ಅದರ ಬಹುಪಾಲು ವಿದ್ಯುತ್ತಿನ ಬೆಲೆಯನ್ನು ಎಣ್ಣೆಯ ಬೆಲೆಗೆ ಕಟ್ಟಿದ್ದರು. ಎಣ್ಣೆ ಏರಿದರೆ ಇದೂ ಏರಬೇಕು. ಅಂದರೆ ವಾಸನೆ ಪುನಾದ ಜನರಿಗೆ, ಸದ್ದು ಇವರಿಗೆ, ಭಯ ಇವರಿಗೆ. ಬೆಲೆ ಮಾತ್ರ ಎಲ್ಲೋ ದೂರದ ಎಣ್ಣೆ ಬಾವಿಯದು. ಇಂಥ ಲೆಕ್ಕಕ್ಕೆ ಜನ ತಲೆಯಾಡಿಸಬೇಕಿತ್ತೇ? 2018ರ ನಂತರ ಮಾಡಿಕೊಂಡ ಹೊಸ ಒಪ್ಪಂದ ಆ ಗಂಟನ್ನು ಬಿಚ್ಚಲು ಹೊರಟಿತು. ನಲವತ್ತಕ್ಕೂ ಜಾಸ್ತಿ ಮೆಗಾವ್ಯಾಟ್, ಬೆಲೆ ಎಣ್ಣೆಯ ಹಂಗಿಲ್ಲದ್ದು. ನನ್ನನ್ನು ಕೇಳಿದರೆ ಆ ಕೆಲಸ ಮೊದಲ ದಿನವೇ ಆಗಬೇಕಿತ್ತು.

ಸ್ಥಾವರದಿಂದ ಸರಕಾರಕ್ಕೆ ಬರುವ ರಾಯಧನದಲ್ಲಿ ಅರ್ಧ ರಾಜ್ಯಕ್ಕೆ, ಶೇಕಡಾ 30 ಅಲ್ಲಿನ ಕೌಂಟಿಗೆ ಅಂದರೆ ಜಿಲ್ಲಾಡಳಿತಕ್ಕೆ, ಶೇಕಡಾ 20 ಮೂಲನಿವಾಸಿಗಳ ಸಂಸ್ಥೆಗೆ ಹೋಗುತ್ತದೆ. ಸ್ಥಾವರದ ಹತ್ತಿರ ಇರಲಾರೆ ಎನ್ನುವವರ ಮನೆ ಕೊಳ್ಳಲು ಒಂದು ನಿಧಿಯೂ ಇದೆ.

ಪುನಾದಲ್ಲಿ ಇನ್ನೊಂದು ಬಗೆಯ ಜನರೂ ಇದ್ದಾರೆ. ಅವರ ಬಡಾವಣೆಗಳಿಗೆ ವಿದ್ಯುತ್ ತಂತಿ ಬಂದಿಲ್ಲ. ಚಾವಣಿಯ ಮೇಲೆ ಸೌರ ಫಲಕ, ಪಕ್ಕದಲ್ಲಿ ಮಳೆನೀರಿನ ತೊಟ್ಟಿ. ಗಾಳಿ ಆ ಕಡೆ ತಿರುಗಿದ ದಿನ ಸ್ಥಾವರದ ವಾಸನೆ ಅವರ ಅಂಗಳಕ್ಕೂ ಬರುತ್ತದೆ, ವಿದ್ಯುತ್ ಮಾತ್ರ ಬೆಟ್ಟ ದಾಟಿ ಪಡುವಣ ತೀರದ ಕೋನಾದ ಹೋಟೆಲುಗಳವರೆಗೂ ಹೋಗುತ್ತದೆ.

ನಮಸ್ಕಾರ.